ವರಾಂಡದಲ್ಲಿ ಜನರೇಟರ್ ಓಡಿಸಬಹುದಾ?

ಪ್ರಶ್ನೆ: ಕರೆಂಟ್ ಪದೇ ಪದೇ ಹೋಗುತ್ತೆ ಅಂತ 2.5 ಕೆವಿಎ ಪೆಟ್ರೋಲ್ ಜನರೇಟರ್ ತಗೊಂಡಿದ್ದೇವೆ. ಮಳೆ ಮತ್ತು ಕಳ್ಳರ ಭಯಕ್ಕೆ ಮನೆ ಮುಂದಿನ ವರಾಂಡದಲ್ಲೇ ಇಟ್ಟಿದ್ದೇವೆ. ಗ್ರಿಲ್ ಇರೋದರಿಂದ ಗಾಳಿ ಚೆನ್ನಾಗಿ ಆಡುತ್ತೆ. ಪರಿಚಯದವರೊಬ್ಬರು ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಕೊಟ್ಟಿದ್ದಾರೆ. ಒಂದು ತುದಿ ಜನರೇಟರ್‌ಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್‌ಗೆ. ಮೇನ್ ಆಫ್ ಮಾಡಿಕೊಂಡರೆ ಏನೂ ಆಗಲ್ಲ ಅಂತಾರೆ. ಆದರೆ ನೀರಿನ ಪಂಪ್ ಹಾಕಿದ ಕೂಡಲೇ ಜನರೇಟರ್ ಟ್ರಿಪ್ ಆಗುತ್ತೆ. ದೊಡ್ಡ ಬ್ರೇಕರ್ ಹಾಕಿಸಬಹುದಾ? ಬಳಸದೇ ಇದ್ದಾಗ ಎಷ್ಟು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಬೇಕು?

ಉತ್ತರ: ನಿಮಗೆ ತಲೆನೋವಾಗಿರೋದು ಪಂಪ್. ನಿಮ್ಮ ಪತ್ರ ಓದಿ ನನಗೆ ದಿಗಿಲಾಗಿದ್ದು ವರಾಂಡ ಮತ್ತು ಆ ವೈರ್. ಪಂಪ್ ಟ್ರಿಪ್ ಆದರೆ ನೀರು ಬರಲ್ಲ, ಅಷ್ಟೇ. ಹಾಗಾಗಿ ಪಂಪ್ ಸ್ವಲ್ಪ ಕಾಯಲಿ. ಇದನ್ನು ಓದಿ ಮುಗಿಸುವ ಮೊದಲೇ ಬೇಕಾದರೆ ಎದ್ದು ಹೋಗಿ ಜನರೇಟರನ್ನು ವರಾಂಡದಿಂದ ಹೊರಗೆ ತನ್ನಿ, ಆ ವೈರನ್ನು ಎರಡೂ ಕಡೆಯಿಂದ ಕಿತ್ತಿಡಿ.

ಮೊದಲು ಹೊಗೆ. ಜನರೇಟರ್ ಅಂದರೆ ಎಲ್ಲರೂ ಶಾಕ್‌ಗೆ ಹೆದರುತ್ತಾರೆ, ಪೆಟ್ರೋಲ್ ಇರೋದರಿಂದ ಬೆಂಕಿಗೂ ಹೆದರುತ್ತಾರೆ. ಸೈಲೆನ್ಸರ್‌ನಿಂದ ಬರುವ ಹೊಗೆ ಮಾತ್ರ ಒಂದು ಕಿರಿಕಿರಿ, ವಾಸನೆ ಅನ್ನೋ ಲೆಕ್ಕ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿಮ್ಮ ಮೂಗಿಗೆ ಬಡಿಯುವ ವಾಸನೆ ಹೊಗೆಯಲ್ಲಿರುವ ಬೇರೆ ಪದಾರ್ಥಗಳದ್ದು. ಅದು ಬರದೇ ಇದ್ದರೂ ಈ ಅನಿಲ ಒಳಗೆ ತುಂಬಿಕೊಂಡಿರಬಹುದು. ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್ ಇದೆಯಲ್ಲ, ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಕಾರ್ಬನ್ ಮೊನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಹಿಡಿದರೆ ಬೇಗ ಬಿಡಲ್ಲ. ಶುದ್ಧ ಗಾಳಿಗೆ ಬಂದ ಮೇಲೂ ಅದರ ಅರ್ಧ ಪಾಲು ರಕ್ತದಿಂದ ಹೋಗೋಕೆ ಸುಮಾರು 4ರಿಂದ 5 ಗಂಟೆ ಬೇಕು. ಅಂದರೆ ಸ್ವಲ್ಪ ಸ್ವಲ್ಪ ಉಸಿರಾಡಿದರೂ ಅದು ಒಳಗೆ ಕೂಡುತ್ತಾ ಹೋಗುತ್ತದೆ.

ನಾನೇ ಒಮ್ಮೆ ಇದಕ್ಕೆ ಸಿಕ್ಕಿಕೊಂಡಿದ್ದೇನೆ, ಅದೂ ಈ ಕೆಲಸದಲ್ಲಿ ಇಷ್ಟು ವರ್ಷ ಪಳಗಿದ ಮೇಲೆ. ಒಂದು ಶೆಡ್‌ನಲ್ಲಿ ಸೆಟ್ ಓಡಿಸಿಕೊಂಡು ವೋಲ್ಟೇಜ್ ಸರಿ ಮಾಡುತ್ತಾ ಕೂತಿದ್ದೆ. ಶಟರ್ ಪೂರ್ತಿ ಎತ್ತಿತ್ತು, ಹಿಂದಿನ ಕಿಟಕಿಯೂ ತೆಗೆದಿತ್ತು. ಅರ್ಧ ಗಂಟೆ ಆಗುವಷ್ಟರಲ್ಲಿ ಹಣೆ ಬಿಗಿದ ಹಾಗಾಯಿತು, ಸೆಕೆಗೆ ಇರಬೇಕು ಅಂದುಕೊಂಡೆ. ಆಮೇಲೆ ಸ್ಕ್ರೂಡ್ರೈವರ್ ಸ್ಕ್ರೂವಿನ ತಲೆಯ ಸೀಳಿನಲ್ಲಿ ಕೂರಲೇ ಇಲ್ಲ, ಮೂರು ಸಲ ಜಾರಿತು. ಸ್ಕ್ರೂ ಸವೆದಿದೆ ಅಂತ ಬೈದುಕೊಂಡೆ. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ಹುಡುಗ ವಾಂತಿ ಮಾಡಿಕೊಂಡಾಗಲೇ ನನಗೆ ಹೊಳೆದದ್ದು. ಅಪಾಯ ಗುರುತಿಸಬೇಕಾದ ತಲೆಯೇ ಮೊದಲು ಮಂಕಾಗುತ್ತದೆ ಅನ್ನೋದು ಇದರ ಕೆಟ್ಟ ಗುಣ. ನಿದ್ದೆಯಲ್ಲಿದ್ದವರಿಗಂತೂ ಆ ಒಂದು ತಲೆನೋವಿನ ಸುಳಿವೂ ಸಿಗಲ್ಲ.

ಹಾಗಾಗಿ "ಗಾಳಿ ಆಡುತ್ತೆ" ಅನ್ನೋ ಮಾತನ್ನು ಜನರೇಟರ್ ವಿಷಯದಲ್ಲಿ ಮರೆತುಬಿಡಿ. ಕಿಟಕಿ ತೆಗೆದರೂ, ಫ್ಯಾನ್ ಹಾಕಿದರೂ ಸಾಲದು, ಯಾಕೆಂದರೆ ಈ ಸಣ್ಣ ಇಂಜಿನ್ ಉಗುಳುವ ಕಾರ್ಬನ್ ಮೊನಾಕ್ಸೈಡ್ ಪ್ರಮಾಣ ಅಷ್ಟು ಜಾಸ್ತಿ. ಇದೊಂದೇ ನೂರಾರು ಕಾರುಗಳ ಸಮ ಅಂತ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಹೇಳುತ್ತದೆ. ಗ್ರಿಲ್ ವರಾಂಡದಲ್ಲಿ ಆಗೋದು ಇಷ್ಟು: ಮೂರು ಕಡೆ ಗೋಡೆ, ಮೇಲೆ ತಾರಸಿ, ಒಂದು ಕಡೆ ಮಾತ್ರ ಬಯಲು. ಗಾಳಿ ಆ ಕಡೆಯಿಂದ ಬೀಸಿದರೆ ಹೊಗೆಯನ್ನೆಲ್ಲ ನಿಮ್ಮ ಮುಂಬಾಗಿಲಿನ ಸಂದಿಗೆ ತಾನೇ ತಳ್ಳಿಕೊಡುತ್ತದೆ. ಗ್ಯಾರೇಜ್, ನೆಲಮಾಳಿಗೆ, ಮೆಟ್ಟಿಲ ಕೆಳಗಿನ ಜಾಗ, ಬಾಲ್ಕನಿ, ಎರಡು ಮನೆ ನಡುವಿನ ಕಿರಿದಾದ ಓಣಿ, ಎಲ್ಲದಕ್ಕೂ ಇದೇ ಮಾತು.

ಮನೆಯಿಂದ ಕನಿಷ್ಠ 6 ಮೀಟರ್ ದೂರ ಇಡಿ, ಸೈಲೆನ್ಸರ್ ಬಾಯಿ ಬಾಗಿಲು ಕಿಟಕಿಗಳಿಗೆ ಬೆನ್ನು ಹಾಕಿರಲಿ. ಪಕ್ಕದ ಮನೆಯವರ ಕಿಟಕಿಯನ್ನೂ ನೋಡಿಕೊಳ್ಳಿ. ನಾವು ನಮ್ಮ ಮನೆ ಉಳಿಸಿಕೊಂಡು ಅವರ ಮಲಗುವ ಕೋಣೆಗೆ ಹೊಗೆ ಬಿಟ್ಟರೆ ಏನು ಬಂತು, ಅಲ್ವಾ? ಆ 6 ಮೀಟರನ್ನು ಹಗಲಲ್ಲೇ ಟೇಪ್ ಹಿಡಿದು ಅಳೆದು ನೆಲದ ಮೇಲೆ ಗುರುತು ಹಾಕಿ. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಕರೆಂಟ್ ಹೋದಾಗ ಯಾರಿಗೂ ಅಳೆಯುವ ತಾಳ್ಮೆ ಇರಲ್ಲ, "ಇವತ್ತೊಂದು ದಿನ ಇಲ್ಲೇ ಇರಲಿ" ಅನ್ನಿಸುತ್ತದೆ.

ಮಳೆಗೆ ಏನು ಮಾಡೋದು? ನಾಲ್ಕು ಕಂಬ, ಮೇಲೊಂದು ಶೀಟು, ಗೋಡೆ ಬೇಡ. ಶೀಟು ಯಂತ್ರದಿಂದ ಸಾಕಷ್ಟು ಎತ್ತರದಲ್ಲಿರಲಿ, ಕೆಳಗೆ ನೀರು ನಿಲ್ಲದ ಹಾಗೆ ಒಂದು ಕಟ್ಟೆ ಇರಲಿ. ಓಡುತ್ತಿರುವ ಜನರೇಟರ್ ಮೇಲೆ ಟಾರ್ಪಾಲು ಹೊದಿಸೋದು ಬೇಡವೇ ಬೇಡ. ಸೈಲೆನ್ಸರ್‌ಗೆ ತಾಗಿದರೆ ಟಾರ್ಪಾಲು ಹೊತ್ತಿಕೊಳ್ಳುತ್ತದೆ, ತಾಗದಿದ್ದರೂ ಇಂಜಿನ್‌ಗೆ ತಂಪು ಗಾಳಿ ಸಿಗಲ್ಲ. ಕಳ್ಳರ ಭಯಕ್ಕೆ ಕಂಬಕ್ಕೆ ದಪ್ಪ ಸರಪಳಿ ಹಾಕಿ ಬೀಗ ಜಡಿಯಿರಿ. ಕಳ್ಳರಿಗೆ ಹೆದರಿ ಜನರೇಟರನ್ನು ಒಳಗೆ ತಂದುಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ, ಸರಪಳಿ ತಂದವರು ಕಡಿಮೆ.

ಇದರ ಜೊತೆಗೆ ಮಲಗುವ ಕೋಣೆಯ ಹತ್ತಿರ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದಿರಲಿ. ಹೊಗೆ ಪತ್ತೆ ಮಾಡುವ ಬೆಂಕಿ ಅಲಾರಂ ಬೇರೆ, ಅದು ಈ ಅನಿಲವನ್ನು ಹಿಡಿಯಲ್ಲ. ಅಲಾರಂ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದಿದ್ದರೆ ಒಳ್ಳೆಯದು. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ ತಯಾರಾದದ್ದು ಗಾಳಿಯಲ್ಲಿ ಈ ಅನಿಲ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 70 ಪಾಲು) ಇದ್ದರೆ 1ರಿಂದ 4 ಗಂಟೆಯೊಳಗೆ ಕೂಗುತ್ತದೆ, 400 ಪಿಪಿಎಂ ಇದ್ದರೆ 4ರಿಂದ 15 ನಿಮಿಷದೊಳಗೆ. ಕೂಗು ತಡವಾಯಿತು ಅಂದರೆ ಕೆಟ್ಟಿದೆ ಅಂತಲ್ಲ, ಕಡಿಮೆ ಮಟ್ಟಕ್ಕೆ ಅದು ಬೇಕಂತಲೇ ಕಾಯುತ್ತದೆ. ಈಚಿನ ಕೆಲವು ಜನರೇಟರ್‌ಗಳಲ್ಲಿ ಸುತ್ತಲಿನ ಅನಿಲ ಜಾಸ್ತಿಯಾದರೆ ತಾನೇ ಬಂದ್ ಆಗುವ ಸೆನ್ಸರ್ ಬರುತ್ತಿದೆ. ಇದ್ದರೆ ಒಳ್ಳೆಯದೇ, ಆದರೆ ಅದನ್ನು ನಂಬಿ ವರಾಂಡಕ್ಕೆ ವಾಪಸ್ ತರಬೇಡಿ. ಸೆನ್ಸರ್ ಇರೋದು ಯಂತ್ರದ ಪಕ್ಕ, ಹಾಸಿಗೆಯ ಪಕ್ಕ ಅಲ್ಲ.

ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಶುರುವಾಯಿತು, ಆದರೆ ಯಾರಿಗೂ ಜ್ವರ ಇಲ್ಲ ಅಂದರೆ ಊಟ ಕೆಟ್ಟಿತ್ತು ಅಂತ ಯೋಚಿಸುತ್ತಾ ಕೂರಬೇಡಿ. ಮೊದಲು ಎಲ್ಲರನ್ನೂ ಬಯಲಿಗೆ ಕರೆದುಕೊಂಡು ಬನ್ನಿ, ಆಮೇಲೆ ಫೋನ್. ಆಸ್ಪತ್ರೆಯಲ್ಲಿ ಮೊದಲ ಮಾತೇ "ಜನರೇಟರ್ ಓಡುತ್ತಿತ್ತು" ಅಂತ ಇರಲಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಅದಕ್ಕೆ ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್‌ಗೂ ಕಾರ್ಬನ್ ಮೊನಾಕ್ಸೈಡ್ ಹಿಡಿದದ್ದಕ್ಕೂ ವ್ಯತ್ಯಾಸ ಗೊತ್ತಾಗಲ್ಲ, 98 ಅಂತ ತೋರಿಸಿ ಸುಮ್ನೆ ಸಮಾಧಾನ ಹೇಳುತ್ತದೆ. ಸರಿಯಾಗಿ ತಿಳಿಯೋದು ರಕ್ತ ಪರೀಕ್ಷೆಯಿಂದ.

ಇನ್ನು ಆ ವೈರ್. ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ನೋಡಿ. ಸಾಮಾನ್ಯ ಎಕ್ಸ್‌ಟೆನ್ಶನ್ ವೈರ್‌ನಲ್ಲಿ ಕರೆಂಟ್ ಬರುವ ತುದಿ ಯಾವಾಗಲೂ ಸಾಕೆಟ್, ಅಂದರೆ ಲೋಹ ಒಳಗೆ ಮುಚ್ಚಿರುತ್ತದೆ. ನಿಮ್ಮದರಲ್ಲಿ ಒಂದು ತುದಿ ಜನರೇಟರ್‌ನಲ್ಲಿದ್ದಾಗ ಇನ್ನೊಂದು ತುದಿಯ ಹಿತ್ತಾಳೆ ಪಿನ್ನುಗಳು ಬೆತ್ತಲಾಗಿ ಪೂರ್ತಿ ವೋಲ್ಟೇಜ್ ಹೊತ್ತು ನಿಂತಿರುತ್ತವೆ. ಕತ್ತಲಲ್ಲಿ ಗೋಡೆಯ ಸಾಕೆಟ್ ತಡಕುವಾಗ ಬೆರಳು ಹೋಗೋದು ಅಲ್ಲಿಗೇ. ಯಾರೋ ಕಾಲು ತೊಡರಿ ಗೋಡೆ ಕಡೆಯ ಪ್ಲಗ್ ಕಿತ್ತು ಬಂದರೆ ನೆಲದ ಮೇಲೆ ಬಿದ್ದಿರುವುದು ಅದೇ ಪಿನ್ನುಗಳು. ಮಕ್ಕಳಿರುವ ಮನೆಯಾದರೆ ಮುಂದೆ ಹೇಳೋದೇ ಬೇಡ.

ಇದು ಮನೆ ಒಳಗಿನ ಮಾತು. ಮೇನ್ ಆಫ್ ಮಾಡೋದು ಒಂದು ದಿನ ಮರೆತರೆ ನಿಮ್ಮ ಜನರೇಟರ್‌ನ ಕರೆಂಟ್ ಉಲ್ಟಾ ಬೀದಿ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಮೇಲು ಕೆಳಗು ಅನ್ನೋ ಭೇದ ಇಲ್ಲ. ಆ ಕಡೆಯಿಂದ ಸಾವಿರಾರು ವೋಲ್ಟ್ ಕೊಟ್ಟರೆ ಇಳಿಸಿ 230 ಮಾಡುತ್ತದೆ, ಈ ಕಡೆಯಿಂದ 230 ಕೊಟ್ಟರೆ ಏರಿಸಿ ಸಾವಿರಾರು ವೋಲ್ಟ್ ಮಾಡುತ್ತದೆ. ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಕೈಗೆ ಸಿಗೋದು ಅದು. "ಇಡೀ ಬೀದಿಯ ಲೋಡ್ ನನ್ನ ಚಿಕ್ಕ ಜನರೇಟರ್ ಎಳೆಯುತ್ತಾ, ತಕ್ಷಣ ಟ್ರಿಪ್ ಆಗಲ್ವಾ?" ಅಂತ ಕೇಳುವವರಿದ್ದಾರೆ. ಎಷ್ಟೋ ಸಲ ಟ್ರಿಪ್ ಆಗುತ್ತದೆ, ನಿಜ. ಆದರೆ ವೈರ್ ತುಂಡಾದದ್ದು ನಿಮ್ಮ ಮನೆ ಹತ್ತಿರವೇ ಆಗಿದ್ದರೆ, ಅಥವಾ ದುರಸ್ತಿಗೆ ಅಂತ ಲೈನ್ ಬಿಚ್ಚಿ ನಿಮ್ಮ ಕಡೆಗೆ ಎರಡೇ ಮನೆ ಉಳಿದಿದ್ದರೆ, ಜನರೇಟರ್ ಆರಾಮಾಗಿ ಓಡುತ್ತಲೇ ಇರುತ್ತದೆ. ಟ್ರಿಪ್ ಆಗುವ ಮುಂಚಿನ ಒಂದು ಕ್ಷಣವೂ ಒಬ್ಬ ಮನುಷ್ಯನಿಗೆ ಸಾಕು. ಅತ್ತ ಮೇನ್ ಆನ್ ಇರುವಾಗಲೇ ಬೀದಿ ಕರೆಂಟ್ ವಾಪಸ್ ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ, ಜನರೇಟರ್‌ನ ವೈಂಡಿಂಗ್ ಸುಡುತ್ತದೆ, ಬೆಂಕಿ ಹೊತ್ತಿಕೊಳ್ಳಲೂಬಹುದು.

ನಿಮ್ಮ ಪರಿಚಯದವರು ಹೇಳಿದ್ದು ಸುಳ್ಳಲ್ಲ, ಪ್ರತಿ ಸಲವೂ ಮೇನ್ ಆಫ್ ಮಾಡಿದರೆ ಲೈನಿಗೆ ಹೋಗಲ್ಲ. ಆ "ಪ್ರತಿ ಸಲವೂ" ಅನ್ನೋದನ್ನು ನಾನು ನಂಬಲ್ಲ. ನೀವು ಇಲ್ಲದಾಗ ಮನೆಯಲ್ಲಿ ಬೇರೆ ಯಾರೋ ಹಾಕುತ್ತಾರೆ. ನಿದ್ದೆಗಣ್ಣಲ್ಲಿ ಹಾಕುತ್ತಾರೆ. ಮರೆತರೂ ತಪ್ಪಾಗದ ಹಾಗೆ ಮಾಡೋದು ಚೇಂಜ್‌ಓವರ್ ಸ್ವಿಚ್. ಅದರ ಹಿಡಿ ಒಂದು ಕಡೆ ತಿರುಗಿಸಿದರೆ ಬೀದಿ ಕರೆಂಟ್, ಇನ್ನೊಂದು ಕಡೆ ತಿರುಗಿಸಿದರೆ ಜನರೇಟರ್, ನಡುವೆ ಆಫ್. ಎರಡನ್ನೂ ಒಟ್ಟಿಗೆ ಸೇರಿಸೋಣ ಅಂದರೂ ಅದರ ಒಳಗಿನ ಕಬ್ಬಿಣ ಬಿಡಲ್ಲ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್ ಸ್ವಿಚ್ಚೇ ಹಾಕಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅವರನ್ನು ಇನ್ನೊಂದು ಮಾತು ಕೇಳಿ: ಈ ಜನರೇಟರ್‌ನಲ್ಲಿ ನ್ಯೂಟ್ರಲ್ ಅದರ ಲೋಹದ ಮೈಗೆ ಸೇರಿದೆಯಾ, ಇಲ್ಲವಾ? ಎಷ್ಟೋ ಚಿಕ್ಕ ಸೆಟ್‌ಗಳಲ್ಲಿ ಸೇರಿರಲ್ಲ. ಹಾಗಿದ್ದಾಗ ಮನೆಯಲ್ಲಿ ಲೀಕೇಜ್ ಆದಾಗ ಕರೆಂಟ್ ಕಡಿಯಬೇಕಾದ 30 ಮಿಲಿಆಂಪಿಯರ್ ಆರ್‌ಸಿಸಿಬಿ ಜನರೇಟರ್ ಮೇಲೆ ಓಡುವಾಗ ಲೀಕೇಜ್ ಆದರೂ ಟ್ರಿಪ್ ಆಗದೇ ಇರಬಹುದು. ಟೆಸ್ಟ್ ಬಟನ್ ಒತ್ತಿದಾಗ ಟ್ರಿಪ್ ಆಯಿತಲ್ಲ ಅಂತ ಸಮಾಧಾನಪಡಬೇಡಿ, ಆ ಬಟನ್ ಪರೀಕ್ಷಿಸೋದು ಆರ್‌ಸಿಸಿಬಿಯನ್ನು ಮಾತ್ರ, ಅರ್ತಿಂಗನ್ನಲ್ಲ. ಇದನ್ನು ನೀವೇ ಕೈ ಹಾಕಿ ಸರಿ ಮಾಡೋಕೆ ಹೋಗಬೇಡಿ.

ಚೇಂಜ್‌ಓವರ್ ಆಗುವ ತನಕ ಮನೆ ವೈರಿಂಗ್ ತಂಟೆಗೇ ಹೋಗಬೇಡಿ. ಜನರೇಟರ್‌ನಿಂದ ಎಕ್ಸ್‌ಟೆನ್ಶನ್ ಎಳೆದು ಫ್ರಿಜ್, ಎರಡು ದೀಪ, ಫೋನ್ ಚಾರ್ಜರ್ ನೇರವಾಗಿ ಅದಕ್ಕೇ ಹಾಕಿ. ವೈರ್ ಅರ್ತ್ ಸೇರಿ ಮೂರು ಕೋರಿನದ್ದು, ಹೊರಾಂಗಣಕ್ಕೆ ಆಗುವಂಥದ್ದು, 2.5 ಚದರ ಮಿಲಿಮೀಟರ್‌ನದ್ದಾಗಿರಲಿ. ಡ್ರಮ್‌ಗೆ ಸುತ್ತಿದ ಕೇಬಲ್ ಆದರೆ ಪೂರ್ತಿ ಬಿಚ್ಚಿ. ಬೇಕಾದಷ್ಟೇ ಎಳೆದು ಉಳಿದದ್ದನ್ನು ಸುತ್ತಿಯೇ ಇಟ್ಟರೆ ಒಳಗಿನ ಬಿಸಿ ಹೊರಗೆ ಬರಲ್ಲ. ಹಾಗೆ ಬಳಸಿದ ಒಂದು ಡ್ರಮ್ ನನ್ನ ಹತ್ತಿರ ಬಂದಿತ್ತು. ಹೊರಗಿನ ಎರಡು ಸುತ್ತು ಹೊಸದರ ಹಾಗೇ ಇತ್ತು, ಒಳಗಿನವೆಲ್ಲ ಒಂದಕ್ಕೊಂದು ಬೆಸೆದುಕೊಂಡು ಟೈರಿನ ತುಂಡಿನಂತಾಗಿತ್ತು.

ಈಗ ಪಂಪ್. ಎಷ್ಟು ಎಚ್‌ಪಿ ಅಂತ ನೀವು ಬರೆದಿಲ್ಲ, 1 ಎಚ್‌ಪಿ ಅಂದುಕೊಳ್ಳೋಣ. 2.5 ಕೆವಿಎ ಅಂದರೆ 230 ವೋಲ್ಟ್‌ನಲ್ಲಿ ಹೆಚ್ಚುಕಡಿಮೆ 11 ಆಂಪಿಯರ್. ಪವರ್ ಫ್ಯಾಕ್ಟರ್ 0.8 ಹಿಡಿದರೆ ಕೈಗೆ ಸಿಗೋದು 2 ಕಿಲೋವ್ಯಾಟ್. ಅದೂ ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿರುವ ಅಂಕಿ ಗರಿಷ್ಠ ಶಕ್ತಿಯದ್ದಾಗಿದ್ದರೆ ಸತತವಾಗಿ ಕೊಡುವ ಶಕ್ತಿ ಇನ್ನೂ ಕಡಿಮೆ, ಸಣ್ಣ ಅಕ್ಷರದ "ರೇಟೆಡ್" ಅಂಕಿ ಹುಡುಕಿ. 1 ಎಚ್‌ಪಿ ಪಂಪ್ ಓಡುವಾಗ ಎಳೆಯೋದು 5–6 ಆಂಪಿಯರ್ ಇರಬಹುದು, ಅದು ಸುಲಭ. ಆದರೆ ನಿಂತ ಮೋಟಾರ್ ತಿರುಗೋಕೆ ಶುರುವಾಗುವ ಆ ಕ್ಷಣದಲ್ಲಿ ಅದರ ಐದಾರು ಪಟ್ಟು, ಅಂದರೆ 30 ಆಂಪಿಯರ್ ಕೇಳುತ್ತದೆ. ನಿಮ್ಮ ಜನರೇಟರ್ ಅಷ್ಟು ಕೊಡಲಾರದು. ಇಂಜಿನ್ ಶಬ್ದ ಕುಸಿಯುತ್ತದೆ, ದೀಪ ಮಂಕಾಗುತ್ತದೆ, ಟಪ್ ಅಂತ ಬ್ರೇಕರ್ ಬೀಳುತ್ತದೆ.

ಆ ಬ್ರೇಕರ್ ಬಿದ್ದದ್ದಕ್ಕೇ ನಿಮ್ಮ ಜನರೇಟರ್ ಇನ್ನೂ ಉಳಿದಿದೆ. ದೊಡ್ಡದು ಹಾಕಿಸಿದರೆ ಪಂಪೇನೂ ಏಳಲ್ಲ, ಕಡಿಮೆ ವೋಲ್ಟೇಜ್‌ನಲ್ಲಿ ಗುಂಯ್‌ಗುಡುತ್ತಾ ನಿಂತು ಪಂಪ್‌ನ ವೈಂಡಿಂಗೂ ಜನರೇಟರ್‌ದೂ ಒಟ್ಟಿಗೆ ಬಿಸಿಯಾಗುತ್ತವೆ. ಬೇರೆ ಎಲ್ಲ ಲೋಡ್ ತೆಗೆದು ಪಂಪ್ ಒಂದನ್ನೇ ಮೊದಲು ಹಾಕಿ ನೋಡಿ. ಅರ್ಧ ಎಚ್‌ಪಿ ಆಗಿದ್ದರೆ ಬಹುಶಃ ಏಳುತ್ತದೆ, ಆಮೇಲೆ ಫ್ರಿಜ್, ದೀಪ ಒಂದೊಂದಾಗಿ ಸೇರಿಸಿ. 1 ಎಚ್‌ಪಿ ಆದರೆ ಆಸೆ ಬಿಡಿ. ಕರೆಂಟ್ ಇರುವಾಗಲೇ ಟ್ಯಾಂಕ್ ತುಂಬಿಸಿಕೊಳ್ಳೋದೇ ಮೇಲು. ಇನ್ನೊಂದು, ಯಾರಾದರೂ "ಸ್ವಲ್ಪ ರೇಸ್ ಜಾಸ್ತಿ ಮಾಡಿದರೆ ಎಳೆಯುತ್ತೆ" ಅಂತ ಇಂಜಿನ್ ವೇಗ ಹಿಡಿದಿಡುವ ಗವರ್ನರ್ ಸ್ಕ್ರೂ ತಿರುಗಿಸೋಕೆ ಬಂದರೆ ಕೈ ಹಿಡಿಯಿರಿ. ಈ ಸಾಮಾನ್ಯ ಸೆಟ್‌ಗಳಲ್ಲಿ ನಿಮಿಷಕ್ಕೆ 3000 ಸುತ್ತು ತಿರುಗಿದರೇ 50 ಹರ್ಟ್ಜ್ ಬರೋದು. ಅದನ್ನು ಏರಿಸಿದರೆ ಫ್ರೀಕ್ವೆನ್ಸಿ ಏರುತ್ತದೆ, ವೋಲ್ಟೇಜೂ ಏರಬಹುದು, ಪೆಟ್ಟು ತಿನ್ನೋದು ನಿಮ್ಮ ಟಿವಿ, ಚಾರ್ಜರ್.

ಪೆಟ್ರೋಲ್ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಓಡುತ್ತಿರುವ ಅಥವಾ ಈಗಷ್ಟೇ ನಿಲ್ಲಿಸಿದ ಜನರೇಟರ್‌ಗೆ ಪೆಟ್ರೋಲ್ ಸುರಿಯಬೇಡಿ. ನಿಲ್ಲಿಸಿ, 15–20 ನಿಮಿಷ ಬಿಟ್ಟು ತುಂಬಿಸಿ. ಪೆಟ್ರೋಲ್ ಆವಿ ಹೊತ್ತಿಕೊಳ್ಳೋಕೆ ಮೈನಸ್ 40 ಡಿಗ್ರಿ ಚಳಿಯಲ್ಲೂ ಒಂದು ಕಿಡಿ ಸಾಕು. ಅದು ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡು ನೀರಿನ ಹಾಗೆ ಹರಿದು ದೂರದಲ್ಲಿರುವ ಒಲೆಯನ್ನೋ ದೀಪವನ್ನೋ ಮುಟ್ಟುತ್ತದೆ. ಟ್ಯಾಂಕನ್ನು ಕಂಠಮಟ್ಟ ತುಂಬಿಸಬೇಡಿ, ಬಿಸಿಗೆ ಹಿಗ್ಗೋಕೆ ಸ್ವಲ್ಪ ಜಾಗ ಬಿಡಿ. ಚೆಲ್ಲಿದರೆ ಒರೆಸಿ, ಒಣಗಲು ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿ. ಬೆಳಕಿಗೆ ಟಾರ್ಚ್ ಮಾತ್ರ, ಮೇಣದಬತ್ತಿ ಬೇಡ. ಇದನ್ನು ಬರೆಯೋಕೆ ನನಗೇ ನಾಚಿಕೆ, ಆದರೆ ಮಾಡುವವರಿದ್ದಾರೆ. ಕತ್ತಲಾಗುವ ಮುಂಚೆಯೇ ತುಂಬಿಸಿಟ್ಟರೆ ಈ ಪೇಚಾಟವೇ ಇಲ್ಲ. ಉಳಿದ ಪೆಟ್ರೋಲ್ ಅದಕ್ಕಂತಲೇ ಇರುವ ಕ್ಯಾನ್‌ನಲ್ಲಿ ಮನೆಯ ಹೊರಗಿರಲಿ.

ಸ್ಟಾರ್ಟ್ ಮಾಡುವಾಗ ಲೋಡ್ ಎಲ್ಲ ಆಫ್ ಇರಲಿ, ಎರಡು ನಿಮಿಷ ಓಡಿ ಸ್ವರ ಒಂದೇ ಸಮ ಆದ ಮೇಲೆ ಲೋಡ್ ಕೊಡಿ. ನಿಲ್ಲಿಸುವಾಗ ಇದರ ಉಲ್ಟಾ. ಪೆಟ್ರೋಲ್ ಖಾಲಿಯಾಗಿ ತಾನಾಗೇ ನಿಲ್ಲಲಿ ಅಂತ ಲೋಡ್ ಸಮೇತ ಬಿಡಬೇಡಿ, ಕೊನೆಯಲ್ಲಿ ಇಂಜಿನ್ ಉಸಿರುಗಟ್ಟಿ ಎಳೆದಾಡುವಾಗ ವೋಲ್ಟೇಜ್ ಕುಣಿದು ಸಾಮಾನು ಹಾಳಾಗುತ್ತವೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಮಲಗುವಾಗ ಬಂದ್ ಮಾಡಿ ಅನ್ನೋದು ನನ್ನ ಅಭಿಪ್ರಾಯ. ಬಾಗಿಲು ಪದೇ ಪದೇ ತೆಗೆಯದಿದ್ದರೆ ಫ್ರಿಜ್ 4 ಗಂಟೆ ಕರೆಂಟ್ ಇಲ್ಲದೆ ತಡೆಯುತ್ತದೆ.

ಕೊನೆಗೆ, ಬಳಸದೇ ಇದ್ದಾಗ. ತಿಂಗಳಿಗೊಮ್ಮೆ 15–20 ನಿಮಿಷ ಓಡಿಸಿ, ಖಾಲಿ ಓಡಿಸದೆ ನಾಲ್ಕೈದು ನೂರು ವ್ಯಾಟಿನ ಲೋಡ್ ಕೊಟ್ಟು. ಅದಕ್ಕೂ ಹೊರಗೇ, ಆ 6 ಮೀಟರ್ ಗುರುತಿನಲ್ಲೇ. ಸ್ಟಾರ್ಟ್ ಮಾಡುವ ಮುಂಚೆ ಸಮತಟ್ಟು ಜಾಗದಲ್ಲಿಟ್ಟು ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡಿ. ಹೊಸ ಇಂಜಿನ್ ಆದ್ದರಿಂದ ಮೊದಲ ಆಯಿಲನ್ನು ಸುಮಾರು 20 ಗಂಟೆ ಓಡಿದ ಮೇಲೆ ಬದಲಿಸಿ, ಆಮೇಲಿನ ಲೆಕ್ಕ ನಿಮ್ಮ ಕೈಪಿಡಿಯಲ್ಲಿರುತ್ತದೆ. ಎರಡು ಮೂರು ತಿಂಗಳು ಮುಟ್ಟಲ್ಲ ಅಂತ ಖಚಿತವಾಗಿದ್ದರೆ ಟ್ಯಾಂಕಿನ ಪೆಟ್ರೋಲ್ ತೆಗೆದು, ಕಾಕ್ ಮುಚ್ಚಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿಯುವ ತನಕ ಲೋಡ್ ಇಲ್ಲದೆ ಓಡಿಸಿ ನಿಲ್ಲಿಸಿ. ಹಳೇ ಪೆಟ್ರೋಲ್ ಕಾರ್ಬೊರೇಟರ್ ಒಳಗೆ ಅಂಟಾಗಿ ಕೂತುಬಿಟ್ಟರೆ, ಬೇಕಾದ ದಿನ ಹಗ್ಗ ಎಳೆದು ಎಳೆದು ತೋಳು ಬಿದ್ದುಹೋಗುತ್ತದೆ. ಕ್ಯಾನ್ ಮೇಲೆ ತುಂಬಿಸಿದ ತಾರೀಕು ಬರೆದಿಡಿ.

ಆ ವೈರನ್ನು ಎಸೆಯೋದು ಬೇಡ. ಮೂರು ಕೋರಿನ ದಪ್ಪ ವೈರ್ ಆಗಿದ್ದರೆ ಒಂದು ತುದಿಯ ಪ್ಲಗ್ ಕತ್ತರಿಸಿಹಾಕಿ ಅಲ್ಲಿಗೆ ಸಾಕೆಟ್ ಹಾಕಿಸಿ, ನಿಮಗೆ ಬೇಕಾದ ಎಕ್ಸ್‌ಟೆನ್ಶನ್ ಅದೇ ಆಗುತ್ತದೆ.